ಕುಂಡ್ರೋದು ಕಲ್ತ ಪ್ರೊಫೆಸರ್ರು

ಫಿಜಿಯೋಥೆರಪಿ ಕಾಲೇಜಿನಲ್ಲಿ ನಾನು ಮಾಡಿ ಬಿಟ್ಟ ಆಯಾ ಕೆಲಸಕ್ಕೆ ಈಗ ಹೊಸ ಹುಡುಗಿಯರು ಸೇರುತ್ತಿದ್ದಾರೆ. ಅವರಲ್ಲಿ ಒಬ್ಬಳು ಮನೆಗೆ ಬಂದು, "ದೊಡ್ಡವ್ವಾ, ಅಲ್ಲಿ ಏನೇನ್ ಮಾಡ್ಬೇಕು, ಜರಾ ಹೇಳು" ಅಂದಳು. ಬಾಯಲ್ಲಿ ಹೇಳಿದರೆ ಬಾಗಿಲು ದಾಟುವುದರೊಳಗೆ ಮರೆಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಕಮಲಾಪುರದ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಮಾತು ತಪ್ಪಿಲ್ಲ.

ಕೆಲಸ ದೊಡ್ಡದೇನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ನೋವಿನ ಕೈ ಅದ್ದಿಸುವ ಮೇಣದ ತೊಟ್ಟಿಯ ಸ್ವಿಚ್ಚು ಹಾಕಬೇಕು, ಮೇಣ ಕರಗಲು ಹೊತ್ತು ಹಿಡಿಯುತ್ತದೆ. ಶಾಖದ ಚೀಲಗಳನ್ನು ಬಿಸಿನೀರಿಗೆ ಇಳಿಸಬೇಕು. ಟವೆಲ್ಲು ಮಡಚಬೇಕು. ಮಂಚ ಒರೆಸಬೇಕು. ಹೆಣ್ಣುಮಕ್ಕಳು ತೋರಿಸಿಕೊಳ್ಳಲು ಬಂದರೆ ಪರದೆಯೊಳಗೆ ಅವರ ಜೊತೆ ನಿಲ್ಲಬೇಕು. ಇಷ್ಟನ್ನು ಯಾರಾದರೂ ವಾರದಲ್ಲಿ ಕಲಿಯುತ್ತಾರೆ.

ಯಾರೂ ಹೇಳಿಕೊಡದ ಕೆಲಸ ಇನ್ನೊಂದಿದೆ. ಹೊರಗೆ ಬೆಂಚಿನ ಮೇಲೆ ಕುಳಿತ ಮಂದಿ ನಿಮ್ಮ ಸೆರಗು ಹಿಡಿದು ಕೇಳುತ್ತಾರೆ: "ಈ ಸರ್ ಯಾವ ಊರಿನವರು? ಏನ್ ಕಲ್ತಾರ? ಮೊದಲ ಎಲ್ಲಿದ್ರು? ಕೈಗುಣ ಹ್ಯಾಂಗ?" ಗೋಡೆಯ ಮೇಲೆ ಬೋರ್ಡು ಇದೆ. ಒಬ್ಬೊಬ್ಬರ ಹೆಸರಿನ ಮುಂದೆಯೂ ಇಂಗ್ಲಿಷ್ ಅಕ್ಷರಗಳ ಸಾಲು ಇದೆ. ಅದು ಅವರಿಗೂ ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ನಮ್ಮ ಕಡೆಯವರು ಹಿಂದುಮುಂದು ಗೊತ್ತಿಲ್ಲದವರಿಗೆ ಮೈ ಮುಟ್ಟಗೊಡುವುದಿಲ್ಲ. ಅದಕ್ಕೆ ನಾನು ಹೊಸ ಪ್ರೊಫೆಸರು ಯಾರೇ ಬರಲಿ, ಮೊದಲ ದಿನ ಚಹಾ ಕೊಡುವಾಗ ನೇರ ಕೇಳಿಬಿಡುತ್ತಿದ್ದೆ. ಯಾರೂ ಸಿಟ್ಟಾಗಲಿಲ್ಲ. ನೀವೂ ಕೇಳಿರಿ.

ನಾನು ಸೇರಿದಾಗ ವಿಭಾಗಕ್ಕೆ ದೊಡ್ಡವರು ವಿಠ್ಠಲರಾವ್ ಸರ್. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ. ಅವರ ಹೆಸರಿನ ಮುಂದೆ ಅಕ್ಷರ ಕಡಿಮೆ. ಹಳೆಯ ಕಾಲದ ಡಿಪ್ಲೊಮಾ ಮಾಡಿ, ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಪೋಲಿಯೋ ಆದ ಮಕ್ಕಳನ್ನು ನಡೆಸುತ್ತ ವಯಸ್ಸು ಕಳೆದವರು. ಕೂದಲು ಬೆಳ್ಳಗಾದ ಮೇಲೆ ಮಗಳ ವಾರಗೆಯ ಹುಡುಗಿಯರ ಪಕ್ಕ ಕುಳಿತು ಡಿಗ್ರಿ ಪರೀಕ್ಷೆ ಬರೆದು ಪ್ರೊಫೆಸರಾದರು. ಪ್ಲಾಸ್ಟರು ತಾವೇ ಕಲಸುತ್ತಿದ್ದರು. ಸೈಕಲ್ ಟ್ಯೂಬು ಕತ್ತರಿಸಿ ಎಳೆಯುವ ಪಟ್ಟಿ ಮಾಡುತ್ತಿದ್ದರು. ಈಗ ಬಣ್ಣಬಣ್ಣದ ರಬ್ಬರ್ ಪಟ್ಟಿ ಡಬ್ಬಿಯಲ್ಲಿ ಬರುತ್ತವೆ. ಎಳೆಯುವುದು ಅದೇ ಕೈ.

ಒಮ್ಮೆ ಸ್ಟೇಶನ್ ಬಜಾರದ ಹಮಾಲನೊಬ್ಬ ಭುಜ ಹಿಡಿದುಕೊಂಡು ಬಂದ. ಒಬ್ಬ ವಿದ್ಯಾರ್ಥಿ ನೋಡಿ, "ಇನ್ನ ಮುಂದ ಭಾರ ಎತ್ತಬ್ಯಾಡ್ರಿ" ಎಂದು ಹೇಳಿ ಕಳಿಸಿದ. ವಿಠ್ಠಲರಾವ್ ಸರ್ ಬಾಗಿಲಲ್ಲೇ ಹಮಾಲನನ್ನು ತಡೆದು, ವಿದ್ಯಾರ್ಥಿಯ ಕಡೆ ತಿರುಗಿದರು. "ಹಮಾಲಗ ಭಾರ ಎತ್ತಬ್ಯಾಡಂದ್ರ ಅವ ಏನ್ ಸ್ಟೇಶನ್ ಮಾಸ್ತರ್ ಆಗಬೇಕೇನೋ?" ಅಂದವರೇ ನನ್ನ ಮೇಣದ ಡಬ್ಬಿಗಳನ್ನು ತರಿಸಿ, ಹಮಾಲನ ತಲೆಯ ಮೇಲೆ ಇಡಿಸಿ, ಇಳಿಸಿ, ಯಾವ ಕಾಲು ಮುಂದೆ, ಯಾವ ಕೈ ಕೆಳಗೆ ಎಂದು ಮಧ್ಯಾಹ್ನದವರೆಗೆ ಕಲಿಸಿದರು. ಎರಡು ಡಬ್ಬಿ ಒಡೆದವು. ಬೈಸಿಕೊಂಡವಳು ನಾನು.

ಆಗ ಎಲ್ಲರಿಗೂ ಕರಂಟೇ ಬೇಕು. ಮೈಗೆ ಯಂತ್ರ ಹಚ್ಚಿ ಜುಂ ಅನ್ನಿಸಿದರೆ ಔಷಧ, ಇಲ್ಲದಿದ್ದರೆ ಮೋಸ. "ಸಾಹೇಬ್ರ, ಕರಂಟ್ ಕೊಡ್ರಿ" ಎಂದು ಕಾಲು ಚಾಚಿಯೇ ಮಲಗುತ್ತಿದ್ದರು. ವಿಠ್ಠಲರಾವ್ ಸರ್, "ಕೊಡ್ತೀನಪಾ. ಮೊದಲ ಕಾಲು ಎತ್ತು, ನಾ ಸಾಕನ್ನೋ ತನಕ. ಕಾಲಿಗಿ ಹಸಿವಿ ಆಗೋ ತನಕ ಕರಂಟ್ ಒಳಗ ಇಳಿಯಂಗಿಲ್ಲ" ಅನ್ನುತ್ತಿದ್ದರು. ವ್ಯಾಯಾಮ ಪೂರಾ ಮಾಡಿಸಿಕೊಂಡು, ಕಡೆಗೆ ಮಕ್ಕಳಿಗೆ ಪೇಪರಮಿಂಟು ಕೊಟ್ಟ ಹಾಗೆ ಸ್ವಲ್ಪ ಕರಂಟು ಕೊಟ್ಟು ಕಳಿಸುತ್ತಿದ್ದರು.

ಅವರ ಕಾಲದಲ್ಲೇ ಸುಜಾತಾ ಮೇಡಂ ಬಂದರು. ಕೇಳಿದೆ. "ಕುಷ್ಠರೋಗದ ದವಾಖಾನ್ಯಾಗ ಇದ್ದೆ, ಶಾಂತಾಬಾಯಿ. ಕೈಕಾಲಿನ ಕೆಲಸ" ಅಂದರು. ಈ ಮಾತನ್ನು ಬೆಂಚಿನವರಿಗೆ ಹೇಳಿದೆ. ಒಬ್ಬಳು ಎದ್ದು ಹೋದಳು. ಉಳಿದವರು ಉಳಿದರು.

ಮೇಡಂ ಮುಖ ನೋಡುವ ಮೊದಲು ಚಪ್ಪಲಿ ನೋಡುವವರು. ಶುಗರ್ ಇದ್ದ ಆಟೋದವನೊಬ್ಬ ಸೊಂಟ ನೋವೆಂದು ಬಂದ. ಮೇಡಂ ಅವನ ಚಪ್ಪಲಿ ತಿರುವಿ ಹಾಕಿದರೆ ಮೊಳೆಯೊಂದು ಒಳಗೆ ಹಾದು ಅಂಗಾಲಿಗೆ ಚುಚ್ಚಿಕೊಂಡಿತ್ತು. ಅವನಿಗೆ ಸುದ್ದಿಯೇ ಇಲ್ಲ. "ಬ್ಯಾನಿ ಇದ್ದವರು ತಾವೇ ಬಂದು ಹೇಳ್ತಾರ. ಬ್ಯಾನಿ ಗೊತ್ತಾಗದವರನ್ನ ನಾವು ಹುಡುಕಬೇಕು" ಎಂದು ಮೇಡಂ ಹುಡುಗರಿಗೆ ಹೇಳಿದರು. ಮೇಣದ ತೊಟ್ಟಿಗೆ ಯಾರ ಕೈ ಹಾಕುವುದಿದ್ದರೂ ಮೊದಲು ತಮ್ಮ ಮಣಿಕಟ್ಟಿಗೆ ಹಚ್ಚಿಕೊಂಡು ನೋಡುವರು. ಆಮೇಲೆ ರೋಗಿಯ ಕಣ್ಣು ಮುಚ್ಚಿಸಿ, ಬಿಸಿ ಯಾವುದು, ತಣ್ಣಗಿನದು ಯಾವುದು ಎಂದು ಕೇಳುವರು. ಅದು ಅವರಿಗೆ ಆ ದವಾಖಾನೆ ಕಲಿಸಿದ ಚಾಳಿ. ನನಗೂ ಹತ್ತಿತು. ಈಗಲೂ ಯಾರಿಗಾದರೂ ಚಹಾ ಕೊಡುವಾಗ ಬಟ್ಟಲು ಮೊದಲು ನನ್ನ ಕೈಗೆ ಒತ್ತಿ ನೋಡುತ್ತೇನೆ.

ವಿಠ್ಠಲರಾವ್ ಸರ್ ರಿಟೈರಾಗಿ ಹೋದರು. ಅವರ ಜಾಗಕ್ಕೆ ಮಹಾಂತೇಶ ಸರ್ ಬಂದರು. ನೆಹರು ಗಂಜಿನ ಬೇಳೆ ವ್ಯಾಪಾರಿಯ ಮಗ. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿಯ ಪ್ಯಾಂಟು. ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಅಕ್ಷರ ಹಿಡಿಸಲಾರದೆ ಪೇಂಟರು ಎರಡನೇ ಸಾಲು ಮಾಡಿದ. ಚಹಾ ಕೊಟ್ಟು ಕೇಳಿದೆ.

"ಸರ್, ಮಂದಿ ಕೇಳ್ತಾರ. ನೀವು ಏನ್ ಕಲ್ತೀರಿ?"

"ಪಿಎಚ್.ಡಿ. ಮಾಡೀನಿ, ಶಾಂತಾಬಾಯಿ. ಲಕ್ವಾ ಹೊಡದವರು ಹ್ಯಾಂಗ ಕುಂಡ್ರತಾರ ಅನ್ನೋದರ ಮ್ಯಾಲ."

"ಕುಂಡ್ರೋದರ ಮ್ಯಾಲ?"

"ಹೌದು."

"ಎಷ್ಟು ವರ್ಷ ಹಿಡೀತ್ರಿ?"

"ಐದು."

"ಹಂಗಾರ ನಿಂದ್ರೋದು ಯಾವಾಗ ಕಲೀತೀರಿ?"

ಅವರು ನಕ್ಕರು. ಒಳ್ಳೆಯ ಮನುಷ್ಯ ಅಂತ ಆಗಲೇ ಗೊತ್ತಾಯಿತು. ದವಾಖಾನೆ ಎಷ್ಟು ಕಂಡಿದ್ದೀರಿ ಅಂದೆ. ಓದುವಾಗ ಕಂಡದ್ದು, ಆಮೇಲೆ ಪಾಠ, ಆಮೇಲೆ ಪಿಎಚ್.ಡಿ. ಅಂದರು. ಬೆಂಚಿನವರು ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: "ಕುಂಡ್ರೋದು ಕಲ್ತಾರ." ಅವರೆಲ್ಲ ನಕ್ಕರು. ಆ ಹೆಸರೇ ನಿಂತಿತು. ಮೇಡಂ ಕೂಡ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದನ್ನು ನೋಡಿದ್ದೇನೆ.

ಮಹಾಂತೇಶ ಸರ್ ಬಂದ ತಿಂಗಳಲ್ಲೇ ಒಂದು ಎಡವಟ್ಟು ಮಾಡಿದರು. ಕರಂಟಿನ ಯಂತ್ರಗಳನ್ನು ಮೂಲೆಗೆ ಸರಿಸಿ ಬಟ್ಟೆ ಹೊದಿಸಿದರು. "ಇಷ್ಟು ಬ್ಯಾನಿಗೆಲ್ಲಾ ಇದು ಉಪಯೋಗ ಅನ್ನಾಕ ಪುರಾವೆ ಇಲ್ಲ. ವ್ಯಾಯಾಮನೇ ಔಷಧ" ಅಂದರು. ಸುಳ್ಳಲ್ಲ. ಆದರೆ ಬೆಂಚು ಖಾಲಿಯಾಯಿತು. ಹುಡುಗರಿಗೆ ಕಲಿಯಲು ರೋಗಿಗಳೇ ಇಲ್ಲ. ನನ್ನ ಮೇಣ ಹಾಗೇ ಕರಗಿ ಹಾಗೇ ಗಟ್ಟಿಯಾಗುತ್ತಿತ್ತು.

ಅಂಥ ದಿನಗಳಲ್ಲಿ ಗುರುಬಾಯಿ ಬಂದಳು.

ಗುರುಬಾಯಿ ನಮ್ಮ ಕಮಲಾಪುರದವಳು, ನನಗಿಂತ ಚಿಕ್ಕವಳು. ಹುಮನಾಬಾದ ರಸ್ತೆಗೆ ಅವಳದೊಂದು ಖಾನಾವಳಿ. ಲಾರಿಯವರು, ಕೆಂಪು ಬಾಳೆಹಣ್ಣು ಒಯ್ಯಲು ಬಂದ ವ್ಯಾಪಾರಿಗಳು, ಬಸ್ಸು ತಪ್ಪಿದ ಮಾಸ್ತರುಗಳು, ಎಲ್ಲರೂ ಅವಳ ಜೋಳದ ರೊಟ್ಟಿ ತಿಂದವರೇ. ಕಾಗದದ ಹಾಗೆ ತೆಳ್ಳಗೆ ಬಡಿಯುತ್ತಿದ್ದಳು. ಅವಳಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಹೋದವು. ಕಾಲು ಅರ್ಧ ಬಂತು. ಕೈ ಬೆರಳು ಮುಷ್ಟಿ ಬಿಗಿದುಕೊಂಡೇ ಉಳಿದವು. ತಮ್ಮ ಭೀಮಶಾ ಕೈ ಹಿಡಿದು ಕರೆದುಕೊಂಡು ಬಂದಿದ್ದ.

"ಶಾಂತಕ್ಕಾ, ನೀ ಇಲ್ಲಿದ್ದಿ ಅಂತ ಬಂದೀನಿ. ಕರಂಟ್ ಕೊಡಸು" ಅಂದಳು.

ಭೀಮಶಾ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಖರೇ ಹೇಳು. ಈಕಿ ಕೈ ಬರ್ತದೇನು? ರೊಟ್ಟಿ ಬಡ್ಯಾಕ ಬ್ಯಾರೆ ಹೆಣ್ಣಮಗಳನ್ನ ಇಟ್ಟೀವಿ. ಮಂದಿ ಎರಡ ದಿನ ಉಂಡು ಮುಂದಿನ ಹೋಟೆಲ್ಲಿಗಿ ಹೊಂಟಾರ. ಟೈರ್ ಅಂಗಡಿಯವ ಜಾಗಾ ಕೇಳ್ಲಾಕತ್ಯಾನ. ಶ್ರಾವಣ ಮುಗಿಯೋ ತನಕ ನೋಡ್ತೀನಿ. ಆಮ್ಯಾಲ ಕೊಟ್ಟುಬಿಡ್ತೀನಿ."

ಅವನು ಮೆಲ್ಲಗೆ ಹೇಳಿದರೂ ಗುರುಬಾಯಿಗೆ ಕೇಳಿಸಿತು. "ಕೈ ಹೋಗ್ಯಾದ, ಕಿವಿ ಹೋಗಿಲ್ಲೋ ಭೀಮ್ಯಾ" ಅಂದಳು. ಆಮೇಲೆ ನನಗೆ: "ನನ್ನ ಖಾನಾವಳ್ಯಾಗ ನಾನೇ ಬೀಗತಿ ಹಂಗ ಕುರ್ಚಿ ಮ್ಯಾಲ ಕುಂತೀನಿ. ಅದು ಹೋತಂದ್ರ ನಾ ಎಲ್ಲಿ ಕುಂಡ್ರಲಿ?"

ಕುಂಡ್ರೋದು ಕಲ್ತ ಸರ್ ಪಾಲಿಗೇ ಅವಳು ಬಂದಳು. ಕರಂಟಿಲ್ಲ ಎಂದು ಗೊತ್ತಾದ ಕೂಡಲೇ ಎದ್ದು ಹೊರಟಳು. ಆಗ ಸುಜಾತಾ ಮೇಡಂ ಸರ್ ಹತ್ತಿರ ಹೋಗಿ, "ವಿಠ್ಠಲರಾವ್ ಸರ್ ಏನ್ ದಡ್ಡರಿದ್ರೇನ್ರಿ? ಕರಂಟ್ ಬ್ಯಾನಿಗಿ ಅಲ್ಲ, ಕಾಲಿಗಿ ಕೊಡ್ತಿದ್ರು, ನಾಳಿ ಮತ್ತ ವ್ಯಾಯಾಮಕ್ಕ ನಡದು ಬರ್ಲಿ ಅಂತ" ಅಂದರು. ಸರ್ ಎದ್ದು ಹೋಗಿ ಯಂತ್ರದ ಮೇಲಿನ ಬಟ್ಟೆ ತೆಗೆದರು. ಬೆರಳು ಬಿಚ್ಚುವ ನರಕ್ಕೆ ಹಚ್ಚಿದರೆ ಲಕ್ವಾದ ಕೈಗೆ ಸ್ವಲ್ಪ ಪುರಾವೆ ಇದೆ ಎಂದು ತಮಗೆ ತಾವೇ ಹೇಳಿಕೊಂಡರು. ಗುರುಬಾಯಿ ಮರುದಿನ ಬಂದಳು.

ಸರ್ ಅವಳನ್ನು ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, ಮುಂದೆ ಮೇಜು ಇಟ್ಟು ಕೆಲಸ ಶುರು ಮಾಡಿದರು. ಗೂಟ ಎತ್ತಿಡುವುದು, ಬಟ್ಟಲು ಹಿಡಿಯುವುದು, ಮೆತ್ತನೆಯ ಮಣ್ಣಿನಂಥದ್ದನ್ನು ಒತ್ತುವುದು. ಅವರ ಕೈ ವಿಠ್ಠಲರಾವ್ ಸರ್ ಕೈಯ ಹಾಗೆ ಇರಲಿಲ್ಲ. ಮುಟ್ಟುವ ಮೊದಲು, "ಮುಟ್ಟಲೇನ್ರಿ?" ಎಂದು ಕೇಳುತ್ತಿದ್ದರು. ಗುರುಬಾಯಿ, "ಮುಟ್ಟರಿ, ಮೈಲಿಗಿ ಆಗಂಗಿಲ್ಲ" ಅನ್ನುತ್ತಿದ್ದಳು. ಆದರೂ ದಿನದಿಂದ ದಿನಕ್ಕೆ ಮುಷ್ಟಿ ಸಡಿಲವಾಯಿತು. ಮೇಜಿನ ಮೇಲೆ ಅಂಗೈ ಚಪ್ಪಟೆಯಾಗಿ ಬಿಚ್ಚಿತು. ಹುಡುಗರು ಚಪ್ಪಾಳೆ ಹೊಡೆದರು. ಸರ್ ಮುಖ ಅರಳಿತು. "ಇನ್ನ ಮನ್ಯಾಗ ರೊಟ್ಟಿ ಮಾಡಿ ನೋಡ್ರಿ" ಎಂದು ಕಳಿಸಿದರು.

ಅವಳು ಎರಡು ವಾರ ಬರಲೇ ಇಲ್ಲ. ಆಮೇಲೆ ಭೀಮಶಾ ಎಳೆದುಕೊಂಡು ಬಂದ. ಕೈ ಮತ್ತೆ ಮುಷ್ಟಿ.

"ನಿಮ್ಮ ಮೇಜಿನ ಮ್ಯಾಲ ಬಿಚ್ಚತದ್ರಿ, ನನ್ನ ಕೊಣಮಿಗಿ ಮ್ಯಾಲ ಬಿಚ್ಚಲ್ಲ" ಅಂದಳು ಗುರುಬಾಯಿ. ಕೊಣಮಿಗಿ ಅಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಅಗಲ ತಟ್ಟೆ. "ಕೈಗೂ ಗೊತ್ತಾಗ್ಯಾದ, ಇದು ಕಾಲೇಜು, ಅದು ಮನಿ ಅಂತ."

ಸರ್ ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು. ಆಮೇಲೆ, "ಗುರುಬಾಯಿ, ನೀವು ರೊಟ್ಟಿ ಬಡೀಬೇಕಾದ್ರ ಹ್ಯಾಂಗ ಕುಂಡ್ರತೀರಿ?" ಎಂದು ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ನಗು ತಡೆದುಕೊಂಡೆ. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಎಲ್ಲಾ ಹೆಣ್ಣಮಕ್ಕಳು ಕುಂಡ್ರೋ ಹಂಗರಿ. ನೆಲದ ಮ್ಯಾಲ."

"ನಾ ನೋಡಬೇಕು" ಅಂದರು ಸರ್. "ಇಲ್ಲಿ ಅಲ್ಲ. ನಿಮ್ಮ ಒಲಿ ಮುಂದ."

ಪ್ರೊಫೆಸರು ರೋಗಿಯ ಮನೆಗೆ ಹೋಗುವುದು ಅಲ್ಲಿಯವರೆಗೆ ನಮ್ಮಲ್ಲಿ ಇರಲಿಲ್ಲ. ಮುಂದಿನ ಭಾನುವಾರ ಸರ್, ಸುಜಾತಾ ಮೇಡಂ, ನಾನು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಖಾನಾವಳಿಯ ಅಡುಗೆಮನೆ ಕತ್ತಲು, ಹೊಗೆ. ಗುರುಬಾಯಿ ನೆಲಕ್ಕೆ ಇಳಿದು, ಒಂದು ಮೊಣಕಾಲು ಎತ್ತಿ, ಇನ್ನೊಂದು ಕಾಲು ಮಡಚಿ ಕುಳಿತಳು. ಹಿಟ್ಟಿಗೆ ಎಸರು ಹಾಕಿ ನಾದಲು ಕೈ ಮುಂದೆ ಚಾಚಿದಳು. ಚಾಚಿದ ಕೂಡಲೇ ಬೆರಳು ಒಂದೊಂದಾಗಿ ಒಳಗೆ ಸುರುಟಿಕೊಂಡವು. ಎಲ್ಲರೂ ಕೈ ನೋಡುತ್ತಿದ್ದೆವು. ಸರ್ ಅವಳ ಹಿಂದೆ ಹೋಗಿ ಸೊಂಟ ನೋಡುತ್ತಿದ್ದರು.

"ಕೈಯದು ತಪ್ಪಿಲ್ಲ" ಅಂದರು. "ಮೈ ಭಾರ ಎಲ್ಲಾ ಎಡಕ್ಕ ಬಿದ್ದಾದ. ಬೀಳಬಾರದಂತ ಮೈ ಹೆದರ್ತದ. ಮೈ ಹೆದರಿದ್ರ ಕೈ ಮುಷ್ಟಿ ಹಿಡೀತದ. ಕುರ್ಚಿ ಮ್ಯಾಲ ಹೆದರಿಕಿ ಇಲ್ಲ, ಅದಕ್ಕ ಬಿಚ್ಚತದ. ನಾ ಐದು ವರ್ಷ ಇದನ್ನೇ ಓದೀನಿ. ಓದೀನಿ ಖರೆ, ಅವರೆಲ್ಲಾ ಸ್ಟೂಲ್ ಮ್ಯಾಲ ಕುಂತವರು. ನೆಲಕ್ಕ ಕುಂತವರನ್ನ ಒಬ್ಬರನ್ನೂ ನೋಡಿಲ್ಲ."

"ಒಲಿ ಕಟ್ಟಿ ಎತ್ತರ ಕಟ್ಟಸ್ತೀನಿ, ನಿಂತು ಮಾಡಲಿ" ಅಂದ ಭೀಮಶಾ.

"ಮಲಗಿ ಮಾಡ್ತೀನಿ, ತಗೋ" ಅಂದಳು ಗುರುಬಾಯಿ.

ಸರ್ ಇಸ್ತ್ರಿಯ ಪ್ಯಾಂಟಿನಲ್ಲೇ ಅವಳ ಎದುರು ನೆಲಕ್ಕೆ, ಅವಳ ಹಾಗೆಯೇ ಕುಳಿತರು. ಭಾರ ಎಲ್ಲಿ ಬೀಳುತ್ತದೆ ಎಂದು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ನೋಡಿ ಮುಗಿಯಿತು. ಏಳಲು ಹೋದರೆ ಏಳಲಾಗುತ್ತಿಲ್ಲ. ಕಾಲು ಜೋಮು ಹಿಡಿದಿತ್ತು.

ಗುರುಬಾಯಿ ತಾನು ಕುಳಿತಲ್ಲಿಂದಲೇ ಎಡಗೈ ಚಾಚಿದಳು. "ಹಿಡೀರಿ. ಐದು ವರ್ಷ ಕುಂಡ್ರೋದು ಕಲಿಸಿದವರು ಏಳೋದು ಕಲಿಸಿಲ್ಲೇನ್ರಿ?"

ಸರ್ ಅವಳ ಕೈ ಹಿಡಿದೇ ಎದ್ದರು. ಅವಳು ಲಕ್ವಾ ಹೊಡೆದ ಮೇಲೆ ನಕ್ಕದ್ದು ಅವತ್ತೇ ಎಂದು ಭೀಮಶಾ ಆಮೇಲೆ ಹೇಳಿದ.

ಅಷ್ಟರಲ್ಲಿ ಸುಜಾತಾ ಮೇಡಂ ಗುರುಬಾಯಿಯ ಬಲಗೈ ಬೆಳಕಿಗೆ ಹಿಡಿದಿದ್ದರು. ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆ. "ಇದು ಯಾವಾಗ ಸುಟ್ಟದ್ದು?" ಅಂದರೆ ಅವಳಿಗೆ ಗೊತ್ತೇ ಇಲ್ಲ. ಮೇಡಂ ಬೈದರು. ಬಡಿಯುವುದು ಬಲಗೈ, ಎಸರು ನೋಡುವುದು, ಹಂಚಿನ ಮೇಲೆ ತಿರುವುವುದು ಎಡಗೈ ಎಂದು ಕಟ್ಟುನಿಟ್ಟು ಮಾಡಿದರು.

ಮುಂದಿನ ಸಲ ಸರ್ ಖಾನಾವಳಿಗೆ ಒಂದು ಸಣ್ಣ ಚೀಲ ಹಿಡಿದುಕೊಂಡು ಬಂದರು. ಎಡಗಡೆಯ ಸೊಂಟದ ಕೆಳಗೆ ಇಟ್ಟರೆ ಮೈ ಭಾರ ಬಲಕ್ಕೆ ತಾನೇ ಬರುತ್ತದೆ, ಮೈಗೆ ಹೊಂದಿಕೊಳ್ಳುವಂಥದ್ದು ಬೇಕು, ಅದಕ್ಕೆ ನಮ್ಮ ಅಂಗಡಿಯಿಂದಲೇ ತಂದಿದ್ದೇನೆ ಅಂದರು. ಗುರುಬಾಯಿ ಚೀಲ ಮುಟ್ಟಿ ನೋಡಿದಳು.

"ಏನದ ಇದರಾಗ?"

"ತೊಗರಿ ಬ್ಯಾಳಿ."

"ಬ್ಯಾಳಿ ಮ್ಯಾಲ ಕುಂಡ್ರೂ ಅಂತೀರೇನ್ರಿ? ಉಣ್ಣೋದರ ಮ್ಯಾಲ?" ಅವಳ ಧ್ವನಿ ಮನೆ ತುಂಬಿತು. "ನೀವು ಗಂಜಿನವರ ಮಗ ಹೌದೋ ಅಲ್ಲೋ? ನಿಮ್ಮಪ್ಪಗ ಗೊತ್ತದೇನು?"

ಸರ್ ಮುಖ ಕೆಂಪಗಾಯಿತು. ಬೇಳೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಹೊಳೆದಿರಲಿಲ್ಲ. ಓದಿನ ಧ್ಯಾನದಲ್ಲಿ ಚೀಲ ಚೀಲವಾಗಿ ಮಾತ್ರ ಕಂಡಿತ್ತು. ಗುರುಬಾಯಿ ಆ ಬೇಳೆಯನ್ನು ಅವತ್ತೇ ಕುಕ್ಕರಿಗೆ ಹಾಕಿಸಿ ಎಲ್ಲರಿಗೂ ಉಣ್ಣಿಸಿದಳು. ಚೀಲಕ್ಕೆ ಉಸುಕು ತುಂಬಿದೆವು.

ಆಮೇಲೆ ಶ್ರಾವಣವೆಲ್ಲ ಅದೇ ಕೆಲಸ. ಕಾಲೇಜಿನ ನೆಲಕ್ಕೆ ಚಾಪೆ ಹಾಸಿ, ಸರ್ ಅವಳ ಸೊಂಟ ಹಿಡಿದು ಭಾರ ಅತ್ತಿತ್ತ ಮಾಡಿಸುವರು. ಮೇಡಂ ಬಿಚ್ಚಿದ ಅಂಗೈಯನ್ನು ಹಲಗೆಗೆ ಒತ್ತಿಸುವರು. ಕಡೆಗೆ ಕರಂಟು. ನಾನು ಮನೆಯಿಂದ ಹಿಟ್ಟು ತಂದು ಕೊಣಮಿಗಿ ಮುಂದಿಡುತ್ತಿದ್ದೆ. ಹುಡುಗರು ಸುತ್ತ ಕುಳಿತು ನೋಡುವರು. ಹುಡುಗರಲ್ಲಿ ಅರ್ಧಕ್ಕೆ ಅರ್ಧ ರೊಟ್ಟಿ ಬಡಿಯುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಆಗ. ಮೊದಮೊದಲು ರೊಟ್ಟಿ ಹರಿಯುತ್ತಿತ್ತು. ಆಮೇಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. "ಇದು ರೊಟ್ಟಿ ಅಲ್ಲ, ಕಲಬುರಗಿ ರಸ್ತೆ" ಎಂದು ತಾನೇ ಬೈದುಕೊಳ್ಳುತ್ತಿದ್ದಳು. ಚಹಾದ ಒಲೆಯ ಮೇಲೆ ನಾನು ಸುಟ್ಟು ಕೊಟ್ಟರೆ ಸರ್ ಎಲ್ಲವನ್ನೂ ತಿನ್ನುತ್ತಿದ್ದರು.

ಶ್ರಾವಣ ಮುಗಿಯಿತು. ಭೀಮಶಾ ನಮ್ಮನ್ನು ಖಾನಾವಳಿಗೆ ಕರೆದ. ಟೈರಿನವನೂ ಬಂದಿದ್ದ, ಜಾಗ ಅಳತೆ ಮಾಡಲು ಪಟ್ಟಿ ಹಿಡಿದುಕೊಂಡು. ಗುರುಬಾಯಿ ಉಸುಕಿನ ಚೀಲ ಎಳೆದುಕೊಂಡು ಒಲೆಯ ಮುಂದೆ ಕುಳಿತಳು. ಹಿಟ್ಟು ನಾದಿದಳು. ಉಂಡೆ ಇಟ್ಟಳು. ಬಲಗೈ ಮೇಲೆ ಎತ್ತಿದಳು. ಅಂಗೈ ಬಿಚ್ಚಿಯೇ ಇಳಿಯಿತು. ಸಪ್ಪಳ ಮೊದಲಿನದಲ್ಲ. ಮೊದಲು ಅವಳ ರೊಟ್ಟಿಯ ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಈಗ ಮೆಲ್ಲಗೆ, ನಡುವೆ ನಿಂತು ನಿಂತು. ಅಂಚು ಒಂದು ಕಡೆ ಒಡೆದಿತ್ತು. ಎಡಗೈಯಿಂದ ಹಂಚಿನ ಮೇಲೆ ತಿರುವಿ ತಮ್ಮನ ತಾಟಿಗೆ ಹಾಕಿದಳು.

ಭೀಮಶಾ ಉಂಡ. ಇನ್ನೊಂದು ಕೇಳಿದ. ಅದನ್ನೂ ಉಂಡ. ಕೈ ತೊಳೆದು ಬಂದು ಟೈರಿನವನಿಗೆ, "ಅಣ್ಣಾ, ಬ್ಯಾರೆ ಕಡಿ ನೋಡ್ರಿ. ಊಟ ಮಾಡೇ ಹೋಗ್ರಿ" ಅಂದ.

ಮೊದಲಿನ ಕೈ ಬಂತೆಂದು ನಾನು ಸುಳ್ಳು ಹೇಳುವುದಿಲ್ಲ. ಲಾರಿಯವರಿಗೆ ರೊಟ್ಟಿ ಬಡಿಯುವವಳು ಈಗಲೂ ಆ ಬೇರೆ ಹೆಣ್ಣುಮಗಳೇ. ಗುರುಬಾಯಿ ಹಳೆಯ ಗಿರಾಕಿಗಳಿಗೆ ಮಾತ್ರ ಬಡಿಯುತ್ತಾಳೆ, ಉಳಿದ ಹೊತ್ತು ಆ ಹೆಣ್ಣುಮಗಳನ್ನು ಬೈಯುತ್ತಾಳೆ. ಆದರೆ ಕುರ್ಚಿಯ ಮೇಲೆ ಕೂರುವುದಿಲ್ಲ. ಒಲೆಯ ಮುಂದೆ ಕೂರುತ್ತಾಳೆ. ಕಾಲೇಜಿನ ಮೂಲೆಯಲ್ಲಿ ಈಗ ನೆಲದ ಚಾಪೆ, ಮಣೆ, ಕೊಣಮಿಗಿ ಇವೆ. ಅವನ್ನು ದಿನಾ ಒರೆಸಿರಿ, ಹಿಟ್ಟು ಬಿದ್ದರೆ ಇರುವೆ ಬರುತ್ತವೆ.

ನಾನು ಕೆಲಸ ಬಿಡುವ ವಾರದಲ್ಲಿ ಬೆಂಚು ತುಂಬಿತ್ತು. ಮಹಾಗಾಂವದಿಂದ ಬಂದ ಮುದುಕಿಯೊಬ್ಬಳು ಸೆರಗು ಎಳೆದು, "ಯವ್ವಾ, ಆ ಉದ್ದನ್ನ ಸರ್ ಏನ್ ಕಲ್ತಾರ?" ಎಂದು ಕೇಳಿದಳು.

"ಕುಂಡ್ರೋದು ಕಲ್ತಾರ" ಅಂದೆ. ಈ ಸಲ ಬೆಂಚಿನಲ್ಲಿ ಯಾರೂ ನಗಲಿಲ್ಲ. "ಜಲ್ದಿ ಒಳಗ ಹೋಗು. ಪಾಳಿ ಭಾಳ ಅದ."